ಗುಡಾರದಾಗೆ ಮೂರು ರಾತ್ರಿ

"ಅಷ್ಟು ರೊಕ್ಕ ಸುರಿದು ಅಮೆರಿಕಾಕ್ಕೆ ಹೋಗಿ ಗುಡಾರದಾಗೆ ಮಲಗಿದ್ರಂತಲ್ಲ!" ಅಂತ ನಮ್ಮ ಓಣಿಯಾಗೆ ಕೇಳದವರೇ ಇಲ್ಲ. ಕೊಳಗಲ್ಲಿಗೆ ಬಂದಾಗಿಂದ ಒಬ್ಬೊಬ್ಬರಿಗೂ ಹೇಳಿ ಸಾಕಾಗೈತೆ, ಅದಕ್ಕೆ ಇಲ್ಲೇ ಬರೆದುಬಿಡ್ತೀನಿ. ಹೌದಮ್ಮಾ, ಮಲಗಿದ್ವಿ. ಮೂರು ರಾತ್ರಿ.

ಮಗ ಇರೋದು ಅರಿಜೋನಾ ರಾಜ್ಯದ ಫೀನಿಕ್ಸ್‌ನಾಗೆ. ಬಿಸಿಲಿನಾಗೆ ಅದು ಬಳ್ಳಾರಿಗೇ ಅಣ್ಣ. ದಿನಾ ಹೊಲಕ್ಕೆ ಹೋಗೋ ನಮ್ಮನೆಯವರು ಅಲ್ಲಿ ಎ.ಸಿ. ಮನೆಯಾಗೆ ಕಿಟಕಿ ಮುಂದೆ ಕುಂತು ಕುಂತು ಮಾತೇ ಕಮ್ಮಿ ಮಾಡಿದ್ರು. ಅದನ್ನ ನೋಡಿ ಮಗ ಸೊಸೆ ಈ ಪ್ರಯಾಣ ಹಾಕಿದ್ದು. ಎರಡು ಗುಡಾರ, ಮಲಗೋ ಚೀಲ, ಸಣ್ಣ ಗ್ಯಾಸ್ ಒಲೆ, ಐಸ್ ಡಬ್ಬಿ, ಎಲ್ಲಾ ಕಾರಿಗೆ ತುಂಬಿದ್ರು. ನಾನು ತುಂಬಿದ್ದು ಊರಿಂದ ಒಯ್ದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಸೊಸೆ ಬ್ರೆಡ್ಡು ತಂದಿದ್ಳು. ಎರಡನೇ ದಿನಕ್ಕೆ ಅವಳೂ ರೊಟ್ಟಿ ಗಂಟಿಗೇ ಕೈ ಹಾಕಿದ್ಳು ಬಿಡ್ರಿ.

ಇದೇನು ಹೊಸದು ಅಂತ ನಂಗನಿಸಲಿಲ್ಲ. ನಮ್ಮತ್ತಿ ಮಾವ ಭರತ ಹುಣ್ಣಿಮೆಗೆ ಮೈಲಾರಕ್ಕೆ ಬಂಡಿ ಹೂಡಿಕೊಂಡು ಹೋಗ್ತಿದ್ರು. ದಾರ್ಯಾಗೆ ನೀರು ಕಂಡಲ್ಲಿ ಎತ್ತು ಬಿಚ್ಚೋದು, ಮೂರು ಕಲ್ಲು ಹೂಡಿ ಅನ್ನ ಮಾಡೋದು, ಬಂಡಿ ಕೆಳಗೆ ಮಲಗೋದು. ಅಮೆರಿಕಾದವರು ಅದಕ್ಕೇ ದುಡ್ಡು ಕೊಟ್ಟು ಮುಂಗಡ ಜಾಗ ಹಿಡೀತಾರೆ, ಅಷ್ಟೇ ಫರಕು.

ಮೊದಲ ಎರಡು ರಾತ್ರಿ ಗ್ರ್ಯಾಂಡ್ ಕ್ಯಾನಿಯನ್ ದಂಡೆ ಮೇಲೆ, ಮೇಥರ್ ಕ್ಯಾಂಪ್‌ಗ್ರೌಂಡ್ ಅಂತ. ಸಮುದ್ರಮಟ್ಟದಿಂದ ಸುಮಾರು 7000 ಅಡಿ ಎತ್ತರ. ಹಗಲು ಬಿಸಿಲು, ರಾತ್ರಿ ಹಲ್ಲು ಕಟಕಟ ಅನ್ನೋ ಚಳಿ. ಒಂದೊಂದು ಕುಟುಂಬಕ್ಕೂ ಒಂದು ಮೇಜು, ಬೆಂಕಿ ಹಾಕೋಕೆ ಒಂದು ಕಬ್ಬಿಣದ ಬಳೆ. ಮರದ ಕೆಳಗೆ ಬಿದ್ದ ಒಣ ಕಡ್ಡಿ ಸಹ ಆರಿಸಂಗಿಲ್ಲ, ಕಟ್ಟಿಗೆ ಕೊಂಡೇ ತರಬೇಕು. ನಂಗೆ ಕೈ ತಡೀಲಾರದೆ ಒದ್ದಾಡಿದೆ! ತಿನ್ನೋ ಸಾಮಾನು ಹೊರಗಿಡಂಗಿಲ್ಲ, ಕಾಡುಪ್ರಾಣಿ ಬರ್ತಾವೆ. ಬೆಳಿಗ್ಗೆ ಗುಡಾರದ ಜಿಪ್ ಎಳೆದ್ರೆ ಎದುರಿಗೇ ಎಲ್ಕ್ ಅನ್ನೋ ದೊಡ್ಡ ಜಿಂಕೆ, ಎಮ್ಮೆ ಗಾತ್ರದ್ದು, ಹುಲ್ಲು ಮೇಯ್ತಿತ್ತು. ಕಣಿವೆ ಬಗ್ಗೆ ನಾನು ಬರೆಯಲ್ಲ, ಫೋಟೋ ಎಲ್ಲಾರೂ ನೋಡೀರಿ.

ರಾತ್ರಿ ನಮ್ಮನೆಯವರು ಹೊರಗೆ ಕುಂತು, "ಏ, ಇಲ್ನೋಡು, ಧ್ರುವ ನಕ್ಷತ್ರ ನಮ್ಮೂರಿಗಿಂತ ಎಷ್ಟು ಮ್ಯಾಲೈತೆ" ಅಂದ್ರು. ತಾವಾಗೇ ಕರೆದು ಮಾತಾಡಿದ್ದು ಎಷ್ಟು ದಿನದ ಮೇಲೋ. ಮದುವೆಯಾಗಿ 32 ವರ್ಷ ಅತ್ತಿ, ನಾದಿನಿಯರು, ಮಕ್ಕಳು ತುಂಬಿದ ಮನೆ ನಮ್ಮದು. ಇಬ್ಬರೇ ಕುಂತು ಆಕಾಶ ನೋಡಿದ್ದು ನಂಗಂತೂ ನೆನಪಿಲ್ಲ.

ಮೂರನೇ ದಿನ ಸೆಲಿಗ್ಮನ್ ಅನ್ನೋ ಸಣ್ಣ ಊರು. ಷಿಕಾಗೋದಿಂದ ಪಶ್ಚಿಮ ಸಮುದ್ರದವರೆಗೆ 1926ರಾಗೆ ಗುರುತು ಮಾಡಿದ ರೂಟ್ 66 ಅನ್ನೋ ಹಳೆ ರಸ್ತೆ ಈ ಊರ ನಡುವೇ ಹೋಗ್ತೈತೆ. 1978ರ ಸೆಪ್ಟೆಂಬರ್ 22ಕ್ಕೆ ದೊಡ್ಡ ಹೆದ್ದಾರಿ ಊರ ಹೊರಗೆ ತೆರೆದ್ರಂತೆ. ಅವತ್ತಿಂದ ಕಾರುಗಳು ಊರಿಗೆ ಬರೋದೇ ನಿಂತುಬಿಟ್ವು. ಅಂಗಡಿ, ಹೋಟೆಲು ಬಾಗಿಲು ಹಾಕಿದ್ವು. 1985ರಾಗೆ ರಸ್ತೆ ಹೆಸರೂ ಸರ್ಕಾರದ ಪಟ್ಟಿಯಿಂದ ಹೋಯ್ತು. ಆಗ ಊರಿನ ಕ್ಷೌರಿಕರು, ಏಂಜೆಲ್ ಡೆಲ್ಗಡಿಯೋ ಅಂತ, 1987ರಾಗೆ ಜನ ಕೂಡಿಸಿ ಸಂಘ ಕಟ್ಟಿ, ಈ ಹಳೆ ದಾರಿಗೆ ಐತಿಹಾಸಿಕ ರಸ್ತೆ ಅನ್ನೋ ಮಾನ್ಯತೆ ಕೊಡಿಸಿದ್ರು. ಈಗ ಅದನ್ನ ನೋಡೋಕಂತಲೇ ದೇಶದೇಶದಿಂದ ಬರ್ತಾರೆ. ಮಗ ಇದನ್ನೆಲ್ಲಾ ಹೇಳೋವಾಗ ನಮ್ಮನೆಯವರು ಆ ಕ್ಷೌರದಂಗಡಿ ಮುಂದೆ ಬಹಳ ಹೊತ್ತು ನಿಂತಿದ್ರು. "ಒಬ್ಬ ಊರು ಬಿಡದೆ ಕುಂತಿದ್ದಕ್ಕೆ ಊರು ಉಳೀತು ನೋಡು" ಅಂದ್ರು. ಮಗ ಸುಮ್ಮನಾದ.

ಅವತ್ತು ರಾತ್ರಿ ಊರಂಚಿನಾಗೆ ಗುಡಾರ ಹಾಕಿದ್ವಿ. ಅಲ್ಲಿ ರಾತ್ರಿಯೆಲ್ಲಾ ಗೂಡ್ಸ್ ರೈಲು. ನಮ್ಮ ಕಡೆ ಅದಿರಿನ ಗಾಡಿ ಹೋಗ್ತಾವಲ್ಲ, ಅದಕ್ಕಿಂತ ಉದ್ದ. ನಮ್ಮನೆಯವರು ಡಬ್ಬಿ ಎಣಿಸ್ತಾ ಎಣಿಸ್ತಾ ನಿಲ್ಲಿಸಿ, ಮಗನಿಗೆ ಕೇಳೇಬಿಟ್ರು.

ಹುಡುಗ ಎಂ.ಎಸ್. ಓದೋಕೆ ಹೊರಟಾಗ ಎರಡೆಕರೆ ಎರೆಹೊಲ ಮಾರಿದ್ವಿ. ಆಮೇಲೆ ಮನೆಯಾಗೆ ಆ ಮಾತು ಯಾರೂ ಎತ್ತಿಲ್ಲ, ಅವನೂ ಎತ್ತಿಲ್ಲ. "ಎರಡೆಕರೆ ಹೋಗಿದ್ದಕ್ಕೆ ನಂಗೆ ಬ್ಯಾಸರಿಲ್ಲಪಾ. ಉಳಿದ ನಾಲ್ಕೆಕರೆ ಏನು ಮಾಡ್ಲಿ? ನನ್ನ ಮೊಣಕಾಲು ನಡೆಯಂಗಿಲ್ಲ. ನೀ ಬರೋದು ಐತೋ ಇಲ್ಲೋ, ಅಷ್ಟು ಹೇಳು."

ಸೊಸೆ ಎದ್ದು ಪಾತ್ರೆ ತೊಳೆಯೋಕೆ ಹೋದ್ಳು. ಜಾಣೆ. ನಾನು ಏಳಲಿಲ್ಲ. ಒಂದು ಗೂಡ್ಸ್ ಪೂರಾ ದಾಟೋತನಕ ಮಗ ಬಾಯಿ ಬಿಡಲಿಲ್ಲ. ಆಮೇಲೆ, "ಯಾವಾಗ ಬರ್ತೀನಿ ಅಂತ ಹೇಳಾಕಾಗಲ್ಲಪ್ಪ. ಗುತ್ತಿಗೆಗೆ ಕೊಡು. ಮಾರಬ್ಯಾಡ" ಅಂದ.

ನಮ್ಮನೆಯವರು "ಹೂಂ" ಅಂದು ಬೆಂಕಿಗೆ ಇನ್ನೊಂದು ತುಂಡು ಹಾಕಿದ್ರು. ಅವತ್ತು ಗೊರಕೆ ಹೊಡೆದು ನಿದ್ದೆ ಮಾಡಿದ್ರು, ನಂಗೇ ನಿದ್ದೆ ಬರಲಿಲ್ಲ.

ಈ ಯುಗಾದಿಗೆ ಮೂರೆಕರೆ ಗುತ್ತಿಗೆಗೆ ಕೊಟ್ಟಾಯ್ತು. ಒಂದೆಕರೆ ಇಟ್ಕೊಂಡಾರೆ, ಜೋಳ ಹಾಕ್ತಾರಂತೆ. ಸೊಸೆ ಫೋನಿನಾಗೆ ಕೇಳ್ತಾಳೆ, ಹೊಸ ಜೋಳದ ರೊಟ್ಟಿ ಯಾರ ಕೈಲಿ ಕಳಿಸ್ತೀರಿ ಅತ್ತಿ ಅಂತ.