ಬಾಲಣ್ಣನ ಕಿವಿ

ಹಲ್ಲಿನ ಡಾಕ್ಟರ ಬಳಿ ಟೋಕನ್ ಹಿಡಿದು ಕೂತಿದ್ದೆ. ಗೋಡೆಯ ಟಿವಿಯಲ್ಲಿ ಹಳೆಯ ಕಪ್ಪು-ಬಿಳುಪು ಸಿನಿಮಾ, ಸದ್ದು ಪೂರ್ತಿ ಬಂದ್. ಖಳನ ಪಾತ್ರಗಳ ನಟ ಟಿ.ಎನ್. ಬಾಲಕೃಷ್ಣ, ನಮ್ಮ ಬಾಲಣ್ಣ, ಯಾರಿಗೋ ಏನೋ ಹಿತವಚನ ಹೇಳುತ್ತಿದ್ದರು. ಒಂದು ಮಾತೂ ಕೇಳಿಸದಿದ್ದರೂ, ಪಾಪದವನ ಆಸ್ತಿಗೆ ಸಂಚಕಾರ ಬಂತೆಂಬುದು ನನಗೂ, ದವಡೆ ಹಿಡಿದು ಪಕ್ಕದಲ್ಲಿ ಕೂತವರಿಗೂ ಖಾತ್ರಿಯಾಯಿತು.

ಬಾಲಣ್ಣನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು ಎಂಬುದು ನಿಮಗೂ ಗೊತ್ತಿರುವುದೇ. ಅರಸೀಕೆರೆ ಸೀಮೆಯವರು, ನಾಟಕಗಳಲ್ಲಿ ಬಣ್ಣ ಹಚ್ಚಿ ಪಳಗಿದವರು, 1943ರ ‘ರಾಧಾರಮಣ’ದಿಂದ ಶುರುಮಾಡಿ ಸುಮಾರು 500 ಚಿತ್ರಗಳಲ್ಲಿ ನಟಿಸಿದವರು. ಅದೆಲ್ಲ ಇರಲಿ. ನನ್ನ ತಲೆ ಕೊರೆಯುವುದು ಆ ಕಿವಿಯೇ.

ನಮ್ಮಜ್ಜಿಗೂ ಕಿವಿ ಮಂದ. “ಕಾಫಿ ಕುಡೀತೀಯೇನಜ್ಜಿ?” ಅಂದರೆ “ಹೋದ ಸೋಮವಾರಾನೇ ಹೊರಟುಹೋದ್ರು” ಅನ್ನುವಳು. ಅದನ್ನೂ ಎಂಥ ಗತ್ತಿನಲ್ಲಿ ಹೇಳುವಳೆಂದರೆ, ಕೇಳಿದವರಿಗೇ ತಾವು ಕೇಳಿದ್ದು ಕಾಫಿಯ ವಿಚಾರವೋ ಅಲ್ಲವೋ ಎಂದು ಅನುಮಾನ ಬರಬೇಕು. ಮನೆಯಲ್ಲಿ ಇದು ನಡೆಯುತ್ತದೆ. ರಂಗದ ಮೇಲೆ?

ನಾಟಕದಲ್ಲಿ ಮಾತು ಮರೆತವನಿಗೆ ಸೈಡ್‌ವಿಂಗಿನಲ್ಲಿ ಪಿಸುಗುಟ್ಟುವ ಪ್ರಾಂಪ್ಟರೇ ಗತಿ. ಬಾಲಣ್ಣನಿಗೆ ಆ ಆಸರೆಯಿಂದ ಏನು ಪ್ರಯೋಜನ? ತಮ್ಮ ಮಾತಿನ ಜೊತೆಗೆ ಎದುರಿನವನ ಮಾತೂ ಬಾಯಿಪಾಠ ಆಗಿರಲೇಬೇಕು. ಅವನು ಬೆನ್ನು ತಿರುಗಿಸಿದನೋ, ಕೆಟ್ಟಿತು! ಆದ್ದರಿಂದಲೇ ಆ ಕಣ್ಣು ಎದುರಾಳಿಯ ಮುಖ ಬಿಟ್ಟು ಕದಲುತ್ತಿರಲಿಲ್ಲ. ನಾವೆಲ್ಲ ಥಿಯೇಟರಿನಲ್ಲಿ ಕೂತು ಕುತಂತ್ರವೆಂದು ಹಲ್ಲು ಕಡಿದೆವಲ್ಲ, ಆ ನೋಟದಲ್ಲಿ ಅರ್ಧ ಪಾಲು ತುಟಿ ಓದುವವನ ಎಚ್ಚರ. ಇದು ನನ್ನ ವಾದ, ಸಾಕ್ಷಿ ಕೇಳಬೇಡಿ.

ಹಾಸ್ಯನಟ ನರಸಿಂಹರಾಜು ಅವರ ಜೊತೆಗಿನ ದೃಶ್ಯಗಳನ್ನು ನೋಡಿ. ಅವರದು ಹುರಿಗಾಳು ಸಿಡಿದ ಹಾಗೆ ಪಟಪಟ ಮಾತು. ಅದು ಮುಗಿಯುವುದೇ ತಡ, ಬಾಲಣ್ಣನ ಉತ್ತರ ಹಾಜರು. ಎರಡು ಕಿವಿ ನೆಟ್ಟಗಿದ್ದ ಎಷ್ಟೋ ನಟರಿಗೆ ಆ ಟೈಮಿಂಗ್ ಬರಲಿಲ್ಲ. ಸಿನಿಮಾ ಕೆಲಸವಿಲ್ಲದ ದಿನಗಳಲ್ಲಿ ಇವರಿಬ್ಬರೂ ರಾಜ್‌ಕುಮಾರ್, ಜಿ.ವಿ. ಅಯ್ಯರ್ ಜೊತೆ ಸೇರಿ ಸಂಘ ಕಟ್ಟಿ, ನಾಟಕವಾಡುತ್ತ ಊರೂರು ತಿರುಗಿದರು. 1960ರಲ್ಲಿ ‘ರಣಧೀರ ಕಂಠೀರವ’ ತೆರೆಗೆ ಬಂದದ್ದು ಆ ಸಂಘದಿಂದಲೇ.

ಕನ್ನಡ ಚಿತ್ರವೆಂದರೆ ಮದರಾಸಿನ ಸ್ಟುಡಿಯೋಗಳ ಬಾಗಿಲು ಕಾಯಬೇಕಿದ್ದ ಕಾಲ ಅದು. ನಮ್ಮದೇ ಒಂದು ಇರಲೆಂದು ಬಾಲಣ್ಣ ಕೆಂಗೇರಿ ಕಡೆ ಅಭಿಮಾನ್ ಸ್ಟುಡಿಯೋ ಕಟ್ಟಲು ಹೊರಟರು. ಖಳನ ಪಾತ್ರಗಳಲ್ಲಿ ಕಂಡವರ ಆಸ್ತಿ ಹೊಡೆದವರು, ನಿಜದಲ್ಲಿ ತಮ್ಮ ದುಡಿಮೆಯನ್ನು ತಂದು ಅಲ್ಲಿ ಸುರಿದರು. ಇವತ್ತು ಜನ ಆ ನೆಲವನ್ನು ಗುರುತಿಸುವುದು 2009ರಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದ ಜಾಗವೆಂದು. ತಪ್ಪೇನಿಲ್ಲ. ಅದನ್ನು ಕಟ್ಟಿದವರು ಬಾಲಣ್ಣ ಎಂಬುದನ್ನೂ ಜೊತೆಗೆ ಹೇಳಿ, ಸ್ವಲ್ಪ ಗಟ್ಟಿಯಾಗಿಯೇ.