ಸೋಡಾ ಮಾಮನ ಕೈಗುಣ

ಮಗ ಲೋಟ ಓರೆ ಹಿಡಿದು ನಲ್ಲಿ ಬಿಟ್ಟ. ಸಣ್ಣಗೆ ಸೊರ್ರೆನ್ನುತ್ತ ಇಳಿದದ್ದು ಬರೀ ನೊರೆ. ಕ್ಷೌರದಂಗಡಿಯ ಬಟ್ಟಲಲ್ಲಿ ಸೋಪು ಕಲಸಿದ ಹಾಗಿತ್ತು. ಕುಡಿಯುವಂಥದ್ದು ತಳದಲ್ಲಿ ಎರಡೇ ಬೆರಳು.

"ಒಂದು ತಿಂಗಳ ಕೆಲಸ, ಅಪ್ಪಾ" ಎಂದು ಮುಖ ಸಣ್ಣದು ಮಾಡಿದ.

ಪೋರ್ಟ್‌ಲ್ಯಾಂಡಿನ ಅವನ ಗ್ಯಾರೇಜಿನಲ್ಲಿ ಹಳೇ ಫ್ರಿಜ್ಜು, ಅದರೊಳಗೆ ಹತ್ತೊಂಬತ್ತು ಲೀಟರಿನ ಸ್ಟೀಲ್ ಕೆಗ್ಗು. ನಮ್ಮೂರಲ್ಲಿ ಹೀಗೆ ಮನೆಯಲ್ಲೇ ಬೀರು ಮಾಡಿದರೆ ಅಬಕಾರಿಯವರು ಬಾಗಿಲು ತಟ್ಟುತ್ತಾರೆ. ಅಮೆರಿಕದಲ್ಲಿ 1978ರಲ್ಲೇ ಕಾರ್ಟರ್ ಸಹಿ ಹಾಕಿ ಒಪ್ಪಿಗೆ ಕೊಟ್ಟಿದ್ದಾರಂತೆ, ಮಾರಬಾರದು ಅಷ್ಟೆ.

ನನಗೆ ಬೀರಿನ ರುಚಿ ಗೊತ್ತಿಲ್ಲ. ಗ್ಯಾಸಿನ ಬುದ್ಧಿ ಗೊತ್ತು. ಪರಶುರಾಂಪುರದಲ್ಲಿ ನನ್ನ ಸೋದರಮಾವನದು ಗೋಲಿ ಸೋಡಾ ಅಂಗಡಿ.

ಬೇಸಿಗೆ ರಜೆ ಬಂತೆಂದರೆ ಬಾಟಲಿ ತೊಳೆಯುವ ಕೆಲಸ ನನ್ನದು. ಮಾಮ ನೀರು, ಶುಂಠಿ ಎಸೆನ್ಸು ಹಾಕಿ ಬಾಟಲಿಯನ್ನು ಮಿಷನ್ನಿನ ಗೂಡಿಗೆ ಸಿಕ್ಕಿಸಿ, ಸಿಲಿಂಡರಿನ ಗ್ಯಾಸು ಬಿಟ್ಟು ಹಿಡಿಕೆ ತಿರುಗಿಸುತ್ತಿದ್ದ. ಬಾಟಲಿ ತಲೆಕೆಳಗಾದಾಗ ಗೋಲಿ ಉರುಳಿ ಕುತ್ತಿಗೆಗೆ ಬರುತ್ತಿತ್ತು. ಅಲ್ಲಿದ್ದ ರಬ್ಬರ್ ಬಳೆಗೆ ಗ್ಯಾಸೇ ಅದನ್ನು ಒತ್ತಿ ಹಿಡಿಯುತ್ತಿತ್ತು. ತಪ್ಪಿಸಿಕೊಳ್ಳಲು ಹೊರಟವನೇ ಬಾಗಿಲಿಗೆ ಬೀಗ ಹಾಕಿಕೊಂಡ ಹಾಗೆ! ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1872ರಲ್ಲಿ ಪೇಟೆಂಟ್ ಪಡೆದ ಯುಕ್ತಿ ಇದು. ಅವನ ಊರಲ್ಲಿ ಅದು ಮ್ಯೂಸಿಯಂ ಸೇರಿದರೂ ಮಾಮನ ಊರಿನ ವೇದಾವತಿ ನದಿ ದಂಡೆಯಲ್ಲಿ ಇನ್ನೂ ದುಡಿಯುತ್ತಿತ್ತು.

ಒಂದು ಮಧ್ಯಾಹ್ನ ಬಿಸಿಲಿಗಿಟ್ಟ ಬಾಟಲಿಯನ್ನೇ ಎತ್ತಿಕೊಂಡು ಹೆಬ್ಬೆರಳಲ್ಲಿ ಗೋಲಿ ಒತ್ತಿಬಿಟ್ಟೆ. ಅರ್ಧ ಸೋಡಾ ಶೇಂಗಾ ವ್ಯಾಪಾರಿಯೊಬ್ಬರ ಬಿಳಿ ಪಂಚೆಯ ಮೇಲೆ. ಮಾಮ ಬೈಯಲಿಲ್ಲ. ಒದ್ದೆ ಗೋಣಿಚೀಲದಡಿಯಿಂದ ಇನ್ನೊಂದು ಬಾಟಲಿ ತೆಗೆದ. ಗೋಲಿಯನ್ನು ಚೂರೇ ಒತ್ತಿದ, ಚುಸ್ ಅಂದಿತು. ಆಮೇಲೆ ಪೂರ್ತಿ ಒತ್ತಿದ. ಒಂದು ಹನಿ ಚೆಲ್ಲಲಿಲ್ಲ.

"ತಣ್ಣಗಿದ್ರೆ ಗ್ಯಾಸು ನೀರಿನ ಜೊತೆ ಸಂಸಾರ ಮಾಡ್ತದೆ ಕಣಲೇ. ಬಿಸಿ ತಾಗಿತೋ, ಮನೆ ಬಿಟ್ಟು ಓಡ್ತದೆ. ತುಂಬೋದು ಮಿಷನ್ನು, ಇಳಿಸೋದು ಕೈ."

ಗ್ಯಾರೇಜಿನಲ್ಲಿ ಆ ಮಾತು ನೆನಪಾಯಿತು. "ಮೊದಲು ಏನಾಯ್ತು, ನೊರೆಯೋ, ನಿಧಾನವೋ?" ಅಂದೆ.

"ನಿಧಾನ. ಅದಕ್ಕೇ ಒತ್ತಡ ಏರಿಸಿದೆ. 12 ಪೌಂಡ್ ಇದ್ದದ್ದು 20 ಮಾಡಿದೆ."

ಅಲ್ಲೇ ಎಡವಿದ್ದ. ಏರಿಸಿದ ಒತ್ತಡ ನಾಲ್ಕು ದಿನ ಇನ್ನಷ್ಟು ಗ್ಯಾಸನ್ನು ಬೀರಿನೊಳಗೆ ತುರುಕಿತ್ತು. ಸೋಡಾದ ನೊರೆ ಹುಟ್ಟಿದ ಕ್ಷಣಕ್ಕೇ ಸಾಯುತ್ತದೆ. ಬೀರಿನದು ಬಾರ್ಲಿಯ ಪ್ರೋಟೀನ್ ಹಿಡಿದುಕೊಂಡು ಕೂರುತ್ತದೆ.

ಗ್ಯಾಸು ಬಂದ್ ಮಾಡಿ, ಮುಚ್ಚಳದ ಉಂಗುರ ಎಳೆದು ಒತ್ತಡ ಬಿಟ್ಟೆವು. ಬೀರು ಹೊರಡುವ ಕಡೆಯ ನಟ್ಟನ್ನು ಸ್ಪ್ಯಾನರಿನಿಂದ ಬಿಚ್ಚಿದ. ಒಳಗಿನ ಸ್ಪ್ರಿಂಗಿನ ಪುಟ್ಟ ವಾಲ್ವಿಗೆ ಹಾಪ್ಸ್ ಹೂವಿನ ಹಸಿರು ಚೂರೊಂದು ಮೆತ್ತಿಕೊಂಡಿತ್ತು. ನಿಧಾನಕ್ಕೂ ಅದೇ ಕಾರಣ, ನೊರೆಗೂ ಅದೇ. ಇಕ್ಕಟ್ಟಿನಲ್ಲಿ ನುಗ್ಗುವ ಬೀರು ಗ್ಯಾಸನ್ನು ಅಲ್ಲೇ ಕೈಬಿಡುತ್ತದೆ. ತೊಳೆದು, ಸವೆದ ರಬ್ಬರ್ ಬಳೆ ಬದಲಿಸಿದ. ಎರಡು ದಿನ ಆಗಾಗ ಉಂಗುರ ಎಳೆದು ಹೆಚ್ಚಿನ ಗ್ಯಾಸು ಕಳೆದು, ಮತ್ತೆ 12 ಪೌಂಡಿಗೆ ತಂದ. ಈಗ ಬೀರು ಧುಮುಕತೊಡಗಿತು, ನೊರೆ ಪೂರ್ತಿ ಹೋಗಲಿಲ್ಲ. ನಾಲ್ಕಡಿಯ ಪೈಪು ತೆಗೆದು ಹತ್ತಡಿಯದನ್ನು ಸುರುಳಿ ಸುತ್ತಿ ಫ್ರಿಜ್ಜಿನೊಳಗೇ ಇಟ್ಟ. ಬೋರ್‌ವೆಲ್ ಬಾಯಲ್ಲಿ ಹಾರುವ ನೀರು ಈರುಳ್ಳಿ ಹೊಲದ ಉದ್ದ ಕಾಲುವೆಯಲ್ಲಿ ಸಾಧುವಾಗುತ್ತದಲ್ಲ, ಹಾಗೆ. ನಲ್ಲಿಯನ್ನು ಅರ್ಧ ತೆರೆಯುವ ಜಿಪುಣತನವನ್ನೂ ಬಿಡಿಸಿದೆ.

ಲೋಟ ತುಂಬಿತು, ಮೇಲೆ ಎರಡೇ ಬೆರಳು ನೊರೆ.

ಬಿಸಾಕುವ ಮುಂಚೆ ಆ ಹಳೇ ರಬ್ಬರ್ ಬಳೆಯನ್ನು ಮೂಸಿದೆ. ಬೀರಿನ ವಾಸನೆಯ ಅಡಿಯಲ್ಲಿ ಇನ್ನೊಂದು ಸಿಹಿ ವಾಸನೆ. ಮಗ ನಕ್ಕ: "ಇವೆಲ್ಲ ಮೊದಲು ಸೋಡಾ ಕಂಪನಿಗಳ ಕೆಗ್ಗುಗಳೇ ಅಪ್ಪಾ. ಅವರು ಡಬ್ಬದೊಳಗಿನ ಚೀಲಕ್ಕೆ ಬದಲಾದ ಮೇಲೆ ನಮಗೆ ಅಗ್ಗಕ್ಕೆ ಸಿಕ್ಕವು."

ಸೋಡಾ ಸಾಲ ತೀರಿಸಿದೆ ಅನ್ನಿಸಿತು. 1767ರ ಹೊತ್ತಿಗೆ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಪಕ್ಕದ ಬೀರು ಕಾರ್ಖಾನೆಗೆ ಹೋಗಿ, ಹುಳಿಯುವ ತೊಟ್ಟಿಯ ಮೇಲೆ ನಿಲ್ಲುವ ಗ್ಯಾಸನ್ನು ನೀರಿಗೆ ಹಿಡಿಸಿದ್ದ. ಸೋಡಾ ನೀರಿನ ತವರು ಬೀರಿನ ಮನೆಯೇ.

ಸಂಜೆ ಮಗ ಇನ್ನೊಂದು ಖಾಲಿ ಕೆಗ್ಗಿಗೆ ಬರೀ ನೀರು ತುಂಬಿ ಗ್ಯಾಸು ಕೊಟ್ಟ. ಎರಡು ದಿನ ಬಿಟ್ಟು, ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ ಒಂದು ಲೋಟ ತಂದುಕೊಟ್ಟ. ಉಪ್ಪು ಬಿದ್ದದ್ದೇ ಬುಸ್ಸೆಂದು ಉಕ್ಕಿತು. ಕುಡಿದು ಮುಗಿಸಿ, ಅಭ್ಯಾಸಬಲದಿಂದ ಲೋಟವನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದೆ.

"ಏನಪ್ಪಾ ಹುಡುಕ್ತಿದೀರಿ?" ಎಂದ.

"ಗೋಲಿ" ಅಂದೆ.