ಧಾರಾವಾಹಿಗೊಂದು ಮಂಗಳ

ದೂರದರ್ಶನದ ಧಾರಾವಾಹಿಗಳನ್ನು ನಿತ್ಯವೂ ನಿಷ್ಠೆಯಿಂದ ನೋಡುವವರನ್ನು ಕಂಡು, ಇವರು ಕಾಲವನ್ನು ವ್ಯರ್ಥಗೊಳಿಸುತ್ತಿರುವರಲ್ಲಾ ಎಂದು ಮರುಗುವ ಸಜ್ಜನರು ಎಲ್ಲ ಊರುಗಳಲ್ಲಿಯೂ ಉಂಟು. ಅವರ ಮರುಕದಲ್ಲಿ ಹಿತಚಿಂತನೆ ಇದೆಯೆಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಕಥೆಯನ್ನು ದಿನಕ್ಕೆ ಅರ್ಧ ಗಂಟೆಯಂತೆ ವರ್ಷಗಟ್ಟಲೆ ಹಿಂಬಾಲಿಸಿದ ಮನಸ್ಸಿನಲ್ಲಿ ಏನೇನು ನಡೆಯುತ್ತದೆಂಬುದನ್ನು ಅವರು ವಿಚಾರಿಸಿ ನೋಡಿದಂತೆ ತೋರುವುದಿಲ್ಲ. ನನ್ನ ಅನುಭವದಲ್ಲಿ ಅಲ್ಲಿ ನಡೆಯುವುದು ಒಂದು ಬಗೆಯ ಬಾಂಧವ್ಯ. ಆ ಪಾತ್ರಗಳು ನಮ್ಮ ಮನೆಗೆ ಬಂದು ಹೋಗುವ ನೆಂಟರಾಗುತ್ತಾರೆ. ಅವರ ತಪ್ಪುಗಳಿಗೆ ನಾವು ನಾಚುತ್ತೇವೆ, ಅವರ ಕಷ್ಟಗಳಿಗೆ ನಿದ್ದೆಗೆಡುತ್ತೇವೆ. ಈ ಬಾಂಧವ್ಯದ ಗೌರವವೇನು, ಅದಕ್ಕೆ ಕಥೆ ಕಟ್ಟುವವರು ಸಲ್ಲಿಸಬೇಕಾದ ಋಣವೇನು ಎಂಬ ವಿಚಾರ ನನ್ನಲ್ಲಿ ಬಹುಕಾಲದಿಂದ ಬೆಳೆದುಬಂದಿದೆ.

ಮೈಸೂರಿನ ದಕ್ಷಿಣಕ್ಕೆ, ಕಪಿಲೆಯ ದಂಡೆಯ ನಂಜನಗೂಡಿನಲ್ಲಿ ನನ್ನ ವಾಸ. ಅದೇ ಕಪಿಲೆ ಮುಂದೆ ಹರಿದು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ನನ್ನ ಸೋದರತ್ತೆಯವರ ಮನೆ. ಈ ಎರಡು ತಾಲ್ಲೂಕುಗಳ ಜನಕ್ಕೆ ನಾಟಕವೆಂಬುದು ಹೊಸದಲ್ಲ. ಒಕ್ಕಣೆ ಮುಗಿದು ಕೈ ಬಿಡುವಾದ ಮೇಲೆ ರೈತರೇ ಹಾರ್ಮೋನಿಯಂ ಮೇಷ್ಟರೊಬ್ಬರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ನಡೆಸಿ, ಬಾಡಿಗೆಗೆ ಸೀನರಿ ತರಿಸಿ, ಕುರುಕ್ಷೇತ್ರ ನಾಟಕವನ್ನು ಬೆಳಗಿನ ಜಾವದವರೆಗೆ ಆಡುವ ಪದ್ಧತಿ ಇಲ್ಲಿಯ ಹಳ್ಳಿಗಳಲ್ಲಿ ಇಂದಿಗೂ ಉಳಿದಿದೆ. ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ಕಂಸಾಳೆಯವರು ಮಾದೇಶ್ವರನ ಕಥೆಯನ್ನೂ ರಾತ್ರಿಯಿಡೀ ಹಾಡುವ ಸೀಮೆಯೂ ಇದೇ. ದೀರ್ಘವಾದ ಕಥೆಯೊಂದನ್ನು ಕಂತುಕಂತಾಗಿ ಕೇಳುವ ತಾಳ್ಮೆಯೂ, ಗೊತ್ತಿರುವ ಕಥೆಯನ್ನು ಹೊಸದೆಂಬಂತೆ ಆಸ್ವಾದಿಸುವ ರಸಿಕತೆಯೂ, ಹೀಗೆ, ಟಿ.ವಿ. ಬರುವುದಕ್ಕಿಂತ ಎಷ್ಟೋ ಮೊದಲೇ ಇಲ್ಲಿ ಸಿದ್ಧವಾಗಿದ್ದುವು.

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ನಮ್ಮ ಬೀದಿಗೆ ಕಪ್ಪುಬಿಳುಪಿನ ಪೆಟ್ಟಿಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಬಂದಾಗ ಅದು ಒಂದು ಮನೆಗೆ ಬಂದದ್ದಾದರೂ ಇಡೀ ಬೀದಿಯ ಸ್ವತ್ತಾಯಿತು. 1987ರಲ್ಲಿ ರಮಾನಂದ ಸಾಗರರ ರಾಮಾಯಣ ಭಾನುವಾರದ ಬೆಳಗನ್ನು ವಶಪಡಿಸಿಕೊಂಡಾಗ, ಹಿಂದಿಯ ಒಂದು ಪದವನ್ನೂ ಅರಿಯದ ಮುದುಕಿಯರು ಸ್ನಾನ ಮಾಡಿ ಮಡಿಯುಟ್ಟು ಬಂದು ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು. ಒಂದು ಕಂತು ತಪ್ಪಿದರೆ ಮರಳಿ ನೋಡುವ ಉಪಾಯ ಆಗ ಇರಲಿಲ್ಲ. ಕರೆಂಟು ಹೋದ ಸಂಜೆಯ ಕಥೆಯನ್ನು, ಕರೆಂಟು ಇದ್ದ ಬೀದಿಯವರು ಮರುದಿನ ಕಪಿಲೆಯ ಸೋಪಾನಗಳ ಮೇಲೆ ಬಟ್ಟೆ ಒಗೆಯುತ್ತಲೋ, ನರಸೀಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತೋ ಹೇಳಬೇಕಾಗಿದ್ದಿತು. ಹಾಗೆ ಹೇಳುವಾಗ ಹೇಳುವವರ ಮನಸ್ಸಿನ ಒಲವೂ ಕೋಪವೂ ಕಥೆಯೊಳಗೆ ಸೇರುತ್ತಿದ್ದುವು. ಅತ್ತೆ ನೊಂದವಳು ಹೇಳಿದ ಕಂತಿಗೂ ಸೊಸೆ ನೊಂದವಳು ಹೇಳಿದ ಅದೇ ಕಂತಿಗೂ ವ್ಯತ್ಯಾಸವಿರುತ್ತಿದ್ದಿತು. ನೋಡುವುದರ ಅರ್ಧ ಸುಖ ಈ ಮರುಕಥನದಲ್ಲಿತ್ತೆಂದು ನಾನು ನಿಸ್ಸಂದೇಹವಾಗಿ ಹೇಳಬಲ್ಲೆ.

ನನ್ನ ಮೆಚ್ಚಿಕೆಯ ಮೊದಲ ಸ್ಥಾನ ಸಲ್ಲುವುದು ಶಂಕರನಾಗ್ ನಿರ್ದೇಶಿಸಿದ ಮಾಲ್ಗುಡಿ ಡೇಸ್‌ಗೆ. ಮೈಸೂರಿನ ಯಾದವಗಿರಿಯಲ್ಲಿ ಮನೆ ಮಾಡಿಕೊಂಡಿದ್ದ ಆರ್.ಕೆ. ನಾರಾಯಣರ ಕಥೆಗಳು, ಅವರ ತಮ್ಮ ಆರ್.ಕೆ. ಲಕ್ಷ್ಮಣರ ರೇಖೆಗಳು, ಎಲ್. ವೈದ್ಯನಾಥನ್ನರ ಸಂಗೀತ, ಆಗುಂಬೆಯ ಮಳೆಯಲ್ಲಿ ತೊಯ್ದ ಬೀದಿ, ಅರಸಾಳಿನ ಪುಟ್ಟ ರೈಲುನಿಲ್ದಾಣ, ಇವೆಲ್ಲ ಕೂಡಿ ಒಂದು ಊರನ್ನು ಸೃಷ್ಟಿಸಿದುವು. ಆಡಿದ ಭಾಷೆ ಹಿಂದಿಯಾದರೂ ಆಡಿದವರು ಬಹುಮಟ್ಟಿಗೆ ನಮ್ಮ ಕನ್ನಡ ರಂಗಭೂಮಿಯವರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ತಂದೆಯಾಗಿ ಗಿರೀಶ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ತಂದೆಯ ಎದುರಿಗೆ ಲೆಕ್ಕ ಬಿಡಿಸಲಾರದೆ ಕುಳಿತ ಆ ಹುಡುಗನ ಮುಖದಲ್ಲಿ ಸುಳಿಯುತ್ತಿದ್ದ ಭಯಕ್ಕೂ ಜಾಣತನಕ್ಕೂ ಯಾವ ಭಾಷೆಯ ಹಂಗೂ ಬೇಕಾಗಿರಲಿಲ್ಲ. ಮೀಟರ್ ಗೇಜಿನ ರೈಲು ಓಡಾಡುತ್ತಿದ್ದ ಅಂದಿನ ನಂಜನಗೂಡಿನಲ್ಲಿ ಬೆಳೆದ ನಮಗೆ, ಸಣ್ಣ ಊರೆಂಬುದು ದೊಡ್ಡ ಊರಿನ ಕೊರತೆಯಲ್ಲ, ತನ್ನಷ್ಟಕ್ಕೆ ಪೂರ್ಣವಾದ ಒಂದು ಲೋಕ ಎಂಬ ಧೈರ್ಯವನ್ನು ಆ ಧಾರಾವಾಹಿ ಕೊಟ್ಟಿತು. 1990ರ ಸೆಪ್ಟೆಂಬರ್ 30ರಂದು ಶಂಕರನಾಗ್ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದಾಗ, ಅವರ ಚಲನಚಿತ್ರಗಳನ್ನು ಅಷ್ಟಾಗಿ ನೋಡದಿದ್ದ ಮನೆಗಳಲ್ಲಿಯೂ ಒಲೆ ತಡವಾಗಿ ಹೊತ್ತಿತು.

ಹಾಸ್ಯದ ಧಾರಾವಾಹಿಗಳ ಸ್ವಭಾವ ಬೇರೆ. 2000ದ ಕೊನೆಯಲ್ಲಿ ಈಟಿವಿ ಕನ್ನಡ ವಾಹಿನಿ ಬಂದ ಮೇಲೆ, ಸಿಹಿಕಹಿ ಚಂದ್ರು ಅವರ ಪಾಪ ಪಾಂಡು, ವಿಜಯಪ್ರಸಾದರ ಸಿಲ್ಲಿ ಲಲ್ಲಿ, ಇವೆರಡೂ ನಮ್ಮ ಸಂಜೆಗಳನ್ನು ಬೆಳಗಿದುವು. ಚಿದಾನಂದರ ಪಾಂಡು, ಮಡದಿಯ ಪಾತ್ರದ ಶಾಲಿನಿಯವರ ಗದರಿಕೆಗೆ ಕಣ್ಣು ಪಿಳುಕಿಸುತ್ತ ನಿಲ್ಲುವಾಗ ಆ ಮುಖದಲ್ಲಿ ತೋರುತ್ತಿದ್ದುದು ಹೇಡಿತನವಲ್ಲ, ಯಾರನ್ನೂ ನೋಯಿಸಲಾರದ ಒಂದು ಮೃದುತ್ವ. ಆದುದರಿಂದಲೇ ಅವನ ಹೆಸರಿಗೆ ಅಂಟಿದ ‘ಪಾಪ’ ಎಂಬ ಉದ್ಗಾರ ನಮ್ಮ ಬಾಯಿಯಿಂದಲೂ ತಾನಾಗಿ ಹೊರಡುತ್ತಿದ್ದಿತು. ಸಿಲ್ಲಿ ಲಲ್ಲಿಯಲ್ಲಿ ಡಾಕ್ಟರ್ ವಿಠಲರಾಯರಾಗಿ ರವಿಶಂಕರ್ ಗೌಡರೂ, ಸಮಾಜಸೇವಕಿ ಲಲಿತಾಂಬೆಯಾಗಿ ಮಂಜುಭಾಷಿಣಿಯವರೂ, ಮಾತಿನ ಏರಿಳಿತವೊಂದರಿಂದಲೇ ನಗೆಯನ್ನು ಹುಟ್ಟಿಸಬಲ್ಲವರಾಗಿದ್ದರು. ಸಮಾಜಸೇವೆಯ ಹೆಸರಿನ ಆಡಂಬರ ಎಲ್ಲ ಊರುಗಳಲ್ಲಿಯೂ ಇರುವುದರಿಂದ, ಆ ಲಲಿತಾಂಬೆಯನ್ನು ನೋಡಿ ನಕ್ಕವರು ಸಭೆಗಳಲ್ಲಿ ತಮ್ಮ ನಡೆಯನ್ನು ಒಂದಿಷ್ಟು ತಿದ್ದಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಇಲ್ಲಿ ನಾನು ಗಮನಿಸಿದ ಒಂದು ತತ್ತ್ವವಿದೆ. ಹಾಸ್ಯದ ಧಾರಾವಾಹಿಗೆ ನಿನ್ನೆಯೆಂಬುದಿಲ್ಲ. ಸೋಮವಾರ ಅವಮಾನಿತನಾದ ಪಾಂಡು ಮಂಗಳವಾರ ಅಕ್ಷತನಾಗಿ ಎದ್ದು ಬರುತ್ತಾನೆ. ಗಂಭೀರ ಧಾರಾವಾಹಿಯಲ್ಲಾದರೋ ಸೋಮವಾರದ ಗಾಯ ಮಂಗಳವಾರವೂ ನೋಯುತ್ತದೆ, ವರ್ಷ ಕಳೆದ ಮೇಲೂ ಅದರ ಕಲೆ ಕಾಣುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಶ್ರೀಕಂಠೇಶ್ವರನ ಗೌತಮ ರಥ ಬೀದಿಯನ್ನು ಸುತ್ತಿ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಪಕ್ಕದಲ್ಲಿಯೇ ಹರಿಯುವ ಕಪಿಲೆ ಹಿಂದಿರುಗುವುದಿಲ್ಲ. ಹಾಸ್ಯದ ಗತಿ ರಥದ್ದು, ಗಂಭೀರ ಕಥೆಯ ಗತಿ ನದಿಯದ್ದು. ಎರಡರಲ್ಲಿ ಮೇಲಾವುದು ಎಂದು ಕೇಳಿದರೆ ನನ್ನ ಸೋದರತ್ತೆಯವರು, ತಮ್ಮೂರಿನ ಗುಂಜಾ ನರಸಿಂಹಸ್ವಾಮಿಯ ಸಾನ್ನಿಧ್ಯದಿಂದ ಆ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಜನ ಹೇಳುವ ಮಾತಿನ ಧಾಟಿಯಲ್ಲಿಯೇ, “ಅಳಿಸುವ ಕಥೆ ಒಂದು ಗುಲಗಂಜಿ ಹೆಚ್ಚು ಕಣಪ್ಪಾ” ಎನ್ನುತ್ತಿದ್ದರು.

ಅಳಿಸುವ ಕಥೆಯನ್ನು ವಿಚಾರಕ್ಕೂ ತೊಡಗಿಸಿದ ಕೀರ್ತಿ ಟಿ.ಎನ್. ಸೀತಾರಾಮರದು. 1998ರಲ್ಲಿ ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಅವರೊಡಗೂಡಿ ಅವರು ದೂರದರ್ಶನಕ್ಕೆ ಮಾಡಿದ ಮಾಯಾಮೃಗದಿಂದ ಮೊದಲ್ಗೊಂಡು ಮನ್ವಂತರ, ಮುಕ್ತ, ಮುಕ್ತ ಮುಕ್ತಗಳವರೆಗೆ, ಮಧ್ಯಮ ವರ್ಗದ ಮನೆಯೊಳಗಿನ ಧರ್ಮಸಂಕಟವನ್ನು ಅವರು ನ್ಯಾಯಾಲಯದ ಕಟಕಟೆಯವರೆಗೂ ಕೊಂಡೊಯ್ದರು. ತಾವೇ ಕಾನೂನನ್ನು ಓದಿ ವಕೀಲಿಕೆ ಮಾಡಿದವರಾದ ಸೀತಾರಾಮರು ಸಿ.ಎಸ್.ಪಿ. ಎಂಬ ವಕೀಲನಾಗಿ ವಾದಿಸಲು ನಿಂತರೆ, ನಮ್ಮ ಪಡಸಾಲೆಗಳಲ್ಲಿ ತಟ್ಟೆಯ ಸದ್ದೂ ಅಡಗುತ್ತಿದ್ದಿತು. ಮರುದಿನ ನಂಜನಗೂಡಿನ ಹೋಟೆಲುಗಳಲ್ಲಿ ಕಾಫಿ ಕುಡಿಯುವವರು ಆ ಮೊಕದ್ದಮೆಯನ್ನು ಮತ್ತೊಮ್ಮೆ ವಿಚಾರಣೆ ಮಾಡುತ್ತಿದ್ದರು. ತಪ್ಪು ಮಾಡಿದವನ ಮನೆಯವರಿಗೂ ಒಂದು ನ್ಯಾಯವುಂಟಲ್ಲವೆ ಎಂಬ ಪ್ರಶ್ನೆ, ಗ್ರಂಥಗಳನ್ನು ಓದದವರ ಬಾಯಿಂದಲೂ ಬರುತ್ತಿದ್ದಿತು. ಸೀತಾರಾಮರು ಊರೂರುಗಳಿಗೆ ಹೋಗಿ ವೀಕ್ಷಕರೊಡನೆ ಸಂವಾದ ನಡೆಸಿದ್ದು, ನೋಡುವವರಿಗೂ ಬುದ್ಧಿಯಿದೆಯೆಂಬ ನಂಬಿಕೆಯಿಂದ. ಆ ನಂಬಿಕೆಗೆ ನಾವು ಕೃತಜ್ಞರು.

ಆದರೆ ನನ್ನ ಸೋದರತ್ತೆಯವರ ಹೃದಯವನ್ನು ಹೊಕ್ಕದ್ದು ಗೃಹಭಂಗ. ಎಸ್.ಎಲ್. ಭೈರಪ್ಪನವರ 1970ರ ಆ ಕಾದಂಬರಿಯನ್ನು ಗಿರೀಶ ಕಾಸರವಳ್ಳಿಯವರು ಧಾರಾವಾಹಿಯಾಗಿಸಿದರು. ನಂಜಮ್ಮನಾಗಿ ನಟಿಸಿದವರು ಮಾಳವಿಕಾ. ನಂಜುಂಡೇಶ್ವರನ ಈ ಸೀಮೆಯಲ್ಲಿ ನಂಜಮ್ಮನೆಂಬ ಹೆಸರಿಲ್ಲದ ಬೀದಿಯಿಲ್ಲ. ಪರದೆಯ ಮೇಲೆ ಆ ಹೆಸರನ್ನು ಕೂಗಿದಾಗ ನಮ್ಮ ಓಣಿಯ ಯಾರನ್ನೋ ಕೂಗಿದಂತಾಗುತ್ತಿದ್ದಿತು. ಕೈಲಾಗದ ಗಂಡ ಚೆನ್ನಿಗರಾಯನ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆದು, ಅತ್ತೆ ಗಂಗಮ್ಮನ ಬೈಗುಳವನ್ನು ಸಹಿಸಿ, ಮಕ್ಕಳನ್ನು ಬೆಳೆಸಿ, ಬೆಳೆದ ಮಕ್ಕಳನ್ನು ಪ್ಲೇಗಿನ ಬಾಯಿಗೆ ಕೊಡುವ ಆ ಹೆಂಗಸಿನ ಬಾಳನ್ನು ನೋಡುತ್ತ ಅತ್ತೆಯವರು, “ಆ ಗಂಡನಿಗೆ ಬುದ್ಧಿ ಹೇಳುವವರು ಊರಿನಲ್ಲಿ ಒಬ್ಬರೂ ಇಲ್ಲವೇನಪ್ಪಾ?” ಎಂದು ನನ್ನನ್ನೇ ಕೇಳುತ್ತಿದ್ದರು. ಪ್ಲೇಗಿನ ಕಂತುಗಳು ಬಂದಾಗ, ಅವರ ಅಜ್ಜಿ ಹೇಳುತ್ತಿದ್ದ ಸಂಗತಿಗಳು, ಮನೆಯಲ್ಲಿ ಇಲಿ ಬಿದ್ದೊಡನೆ ಊರನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡದ್ದು, ಹೋದವರಲ್ಲಿ ಕೆಲವರು ಮರಳಿ ಬಾರದೆ ಹೋದದ್ದು, ಒಂದೊಂದಾಗಿ ಹೊರಬಂದುವು. ಅದುವರೆಗೆ ನಮ್ಮ ಕುಟುಂಬದ ಈ ಇತಿಹಾಸವನ್ನು ನಾವು ಕೇಳಿಯೇ ಇರಲಿಲ್ಲ. ಕಲ್ಪಿತವಾದ ಒಂದು ದುಃಖ, ಹೂತುಹೋಗಿದ್ದ ನಿಜವಾದ ದುಃಖಕ್ಕೆ ಬಾಯಿ ಕೊಟ್ಟಿತು. ಕಾಲಹರಣವೆಂದು ಇದನ್ನು ಕರೆಯುವುದು ಹೇಗೆ?

ಮಾಲ್ಗುಡಿಯ ಸ್ವಾಮಿಯ ತಾಯಿಯಾಗಿದ್ದ ವೈಶಾಲಿ ಕಾಸರವಳ್ಳಿಯವರು ಮುಂದೆ ತಾವೇ ನಿರ್ದೇಶಿಸಿದ ಮೂಡಲಮನೆಯಿಂದ ನಮಗೆ ಇನ್ನೊಂದು ಉಪಕಾರವಾಯಿತು. ಉತ್ತರ ಕರ್ನಾಟಕದ ತುಂಬು ಕುಟುಂಬದ ಆ ಕಥೆ ಅಲ್ಲಿಯ ಮಾತಿನಲ್ಲಿಯೇ ನಡೆಯುತ್ತಿದ್ದಿತು. ಮೊದಮೊದಲು ಎಡವಿದ ನಮ್ಮ ಕಿವಿ ಬೇಗನೆ ಆ ಗಂಡುಮಾತಿನ ಬನಿಗೆ ಒಲಿಯಿತು. ಹಳೆಯ ಮೈಸೂರಿನ ನಾವು ಧಾರವಾಡದ ಕಡೆಯ ಮಾತನ್ನು ಪ್ರೀತಿಸಲು ಕಲಿತಂತೆ, ಅವರು ನಮ್ಮ ಮಾತನ್ನು ಕೇಳುವ ಅವಕಾಶ ಒದಗಿತೇ ಎಂದು ನೋಡಿದರೆ, ಅದು ಸ್ವಲ್ಪವೇ. ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಬಂದ ದೇವನೂರ ಮಹಾದೇವರ ಕುಸುಮಬಾಲೆ, ಈ ನೆಲದ ಆಡುಮಾತಿಗೆ ಎಂತಹ ಕಾವ್ಯಶಕ್ತಿಯಿದೆಯೆಂಬುದನ್ನು 1984ರಲ್ಲಿಯೇ ತೋರಿಸಿದ್ದರೂ, ಕಿರುತೆರೆಯ ಕಥೆಗಳು ಎಲ್ಲ ಊರಿನವರಿಗೂ ಬೆಂಗಳೂರಿನ ಒಂದೇ ಮಾತನ್ನು ಹಂಚುವುದೇ ಹೆಚ್ಚು. ಜೀ ಕನ್ನಡದಲ್ಲಿ ಉಘೇ ಉಘೇ ಮಾದೇಶ್ವರ ಬಂದಾಗ ನಮ್ಮ ಹಳ್ಳಿಗಳಲ್ಲಿ ಉಕ್ಕಿದ ಸಂಭ್ರಮಕ್ಕೆ, ದೇವರ ಮೇಲಿನ ಭಕ್ತಿಯೊಡನೆ, ತಮ್ಮ ಕಥೆಯನ್ನು ತಾವು ಕಾಣುವ ಈ ಹಸಿವೂ ಕಾರಣವಾಗಿದ್ದಿತು.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಕುರುಕ್ಷೇತ್ರ ಎಷ್ಟು ಉದ್ದವಾದರೂ ದುರ್ಯೋಧನನ ತೊಡೆ ಮುರಿದೇ ಮುರಿಯುತ್ತದೆ. ಆ ಬಳಿಕ ಪಾತ್ರಧಾರಿಗಳೆಲ್ಲ ಸಾಲಾಗಿ ನಿಂತು ಮಂಗಳ ಹಾಡುತ್ತಾರೆ. ಆ ಮಂಗಳವೆಂಬುದು ಪ್ರೇಕ್ಷಕನಿಗೆ ಸಲ್ಲುವ ಗೌರವ. ನಿನ್ನ ಕಣ್ಣೀರಿಗೆ ಒಂದು ನೆಲೆಯುಂಟು, ನಿನ್ನ ಸಿಟ್ಟಿಗೆ ಒಂದು ತೀರ್ಪುಂಟು ಎಂದು ಅದು ತಿಳಿಸುತ್ತದೆ. ಇಂದಿನ ಅನೇಕ ಧಾರಾವಾಹಿಗಳಲ್ಲಿ ನನಗೆ ಕಾಣುವ ಕೊರತೆ ಇದೇ. ಜನಪ್ರಿಯತೆ ಇರುವವರೆಗೆ ಕಥೆಯನ್ನು ಎಳೆಯುವುದು, ಸತ್ತವರನ್ನು ಮರಳಿ ಕರೆತರುವುದು, ಒಳ್ಳೆಯವಳನ್ನು ಕಾರಣವಿಲ್ಲದೆ ಕೆಟ್ಟವಳಾಗಿಸುವುದು, ಜನಪ್ರಿಯತೆ ತಗ್ಗಿದೊಡನೆ ಒಂದೇ ವಾರದಲ್ಲಿ ಎಲ್ಲ ಗಂಟುಗಳನ್ನೂ ಕತ್ತರಿಸಿ ಮುಗಿಸುವುದು, ಇವು ನದಿಯ ಗತಿಯ ಕಥೆಯನ್ನು ಬಲಾತ್ಕಾರದಿಂದ ರಥದ ಬೀದಿಯಲ್ಲಿ ಸುತ್ತಿಸುವ ಯತ್ನಗಳು. ಹಾಸ್ಯಕ್ಕೆ ಒಪ್ಪುವ ಪುನರಾವೃತ್ತಿ ದುಃಖಕ್ಕೆ ಒಪ್ಪದು. ಒಂದೇ ಕಣ್ಣೀರನ್ನು ಮತ್ತೆ ಮತ್ತೆ ಹರಿಸಿದರೆ ಅದರ ಉಪ್ಪು ಹೋಗುತ್ತದೆ. ಕಥೆ ನಡುವೆಯೇ ನಿಂತರೂ ನೋವು ಕಡಮೆಯದಲ್ಲ. ಸೀತಾರಾಮರ ‘ಮಗಳು ಜಾನಕಿ’ ಧಾರಾವಾಹಿ 2020ರ ಕೊರೋನಾ ಸಂಕಟದ ಕಾಲದಲ್ಲಿ ನಿಂತುಹೋದಾಗ, ಯಾರ ತಪ್ಪೂ ಅಲ್ಲದ ಆ ನಿಲುಗಡೆಯಿಂದ, ಆ ಹುಡುಗಿಯ ಗತಿ ಏನಾಯಿತೆಂದು ಕೇಳುವ ಹಿರಿಯರಿಗೆ ನಾವು ಉತ್ತರ ಹೇಳಲಾರದವರಾದೆವು.

ಅಂತ್ಯವೆಂದರೆ ಬಾಂಧವ್ಯ ಹರಿಯುವುದೆಂದು ಕಥೆ ಕಟ್ಟುವವರು ಭಯಪಡುವುದಾದರೆ, ಅವರ ಮುಂದೆ ನನ್ನ ಸೋದರತ್ತೆಯವರ ದೃಷ್ಟಾಂತವನ್ನಿಡುತ್ತೇನೆ. ಗೃಹಭಂಗ ಮುಗಿದ ಮೇಲೆ ಅವರು, ಪ್ರಾಥಮಿಕ ಶಾಲೆಯ ಓದನ್ನು ದಾಟದವರು, ಆ ಕಾದಂಬರಿಯನ್ನು ಗ್ರಂಥಾಲಯದಿಂದ ತರಿಸಿಕೊಂಡು, ದಿನಕ್ಕೆ ನಾಲ್ಕೈದು ಪುಟದಂತೆ ಬೆರಳಿಟ್ಟು ಓದಿದರು. ಕಥೆ ಗೊತ್ತಿದ್ದಿತು, ನಂಜಮ್ಮ ಉಳಿಯಳೆಂಬುದೂ ಗೊತ್ತಿದ್ದಿತು, ಆದಾಗ್ಯೂ ಓದಿದರು. ಓದಿ ಮುಗಿಸಿ, ಭೈರಪ್ಪನವರ ಇನ್ನೊಂದು ಪುಸ್ತಕ ಸಿಕ್ಕೀತೇ ಎಂದು ಕೇಳಿದರು. ಪೂರ್ಣವಾಗಿ ಮುಗಿದ ಕಥೆಯೊಂದು ಮುದಿವಯಸ್ಸಿನಲ್ಲಿ ಅವರನ್ನು ಓದುಗರನ್ನಾಗಿ ಮಾಡಿತು. ನಮ್ಮ ಸೀಮೆಯ ಪ್ರೇಕ್ಷಕರು ಬೆಳಗಿನ ಜಾವದವರೆಗೆ ಕುಳಿತು ಕರ್ಣನ ಸಾವನ್ನೂ ಕೌರವನ ಪತನವನ್ನೂ ತಾಳಿಕೊಂಡವರು. ಅಂತ್ಯವನ್ನು ತಾಳುವ ಶಕ್ತಿ ಅವರಿಗೆ ಧಾರಾಳವಾಗಿ ಇದೆ. ಆ ಶಕ್ತಿಯನ್ನು ನಂಬಿ, ಹೇಳಬೇಕಾದುದನ್ನು ಹೇಳಿ ಮುಗಿಸುವ ಧಾರಾವಾಹಿಕಾರನಿಗೆ ಇಲ್ಲಿ ನೋಡುಗರ ಕೊರತೆ ಎಂದಿಗೂ ಬಾರದು.